ಎಂಟನೆಯ ವಿಳಾಸ ಮತ್ತು ಅಂಬುಜಮ್ಮನವರ ಮೌನ

ರಾಮನಗರಕ್ಕೆ ಕಂಪ್ಯೂಟರು ಕಾಲಿಟ್ಟದ್ದು ಅದು ಜಿಲ್ಲಾ ಕೇಂದ್ರವಾದ ಮೇಲೆ ಎಂದು ಈಚೆಗೆ ಕೆಲವರು ವೇದಿಕೆಯ ಮೇಲೆ ನಿಂತು ಹೇಳುತ್ತಾರೆ, ಕೇಳುವವರು ಚಪ್ಪಾಳೆ ತಟ್ಟುತ್ತಾರೆ. ಇದು ಶುದ್ಧ ತಪ್ಪು. ಊರು ಜಿಲ್ಲಾ ಕೇಂದ್ರವಾದದ್ದು ೨೦೦೭ರಲ್ಲಿ. ಅದಕ್ಕೆ ಎಷ್ಟೋ ವರ್ಷ ಮೊದಲೇ, ಐಜೂರು ಬಡಾವಣೆಯ ಒಂದು ಮಹಡಿಯ ಮೇಲಿದ್ದ ರುದ್ರಯ್ಯನವರ ಬೆರಳಚ್ಚು ಶಾಲೆಯಲ್ಲಿ, ಟೈಪ್‌ರೈಟರುಗಳ ಸಾಲಿನ ಕೊನೆಗೆ ಎರಡು ಕಂಪ್ಯೂಟರುಗಳು ಬಂದು ಕುಳಿತಿದ್ದವು. ಅವುಗಳ ಮುಂದೆ ನಿಂತು ಊರಿನ ಮಕ್ಕಳಿಗೆ ಪಾಠ ಹೇಳಿದವರು ಅಂಬುಜಮ್ಮನವರು. ಅವರ ಹೆಸರು ಯಾವ ಭಾಷಣದಲ್ಲೂ ಬರುವುದಿಲ್ಲ. ಅವರಲ್ಲಿ ದೋಷವಿರಲಿಲ್ಲವೆಂದಲ್ಲ; ಇತ್ತು, ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಆದರೆ ದೋಷವನ್ನು ಹೇಳುವ ಮೊದಲು ಮನುಷ್ಯರ ಪರಿಚಯವನ್ನು ಸರಿಯಾಗಿ ಹೇಳುವುದು ಮರ್ಯಾದೆ.

ಅಂಬುಜಮ್ಮನವರು ಇಂಗ್ಲಿಷ್, ಕನ್ನಡ ಎರಡರಲ್ಲೂ ಸೀನಿಯರ್ ಬೆರಳಚ್ಚು ಪರೀಕ್ಷೆ ಮುಗಿಸಿದವರು. ಮದುವೆಯಾದ ಮರುವರ್ಷ ಶಾಲೆಗೆ ಸೇರಿದರು. ಗಂಡ ಸ್ವಾಮಿ ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ತೂಕದ ಕೆಲಸ ಮಾಡುತ್ತಿದ್ದರು. ಹೆಂಡತಿಯ ಪಾಠದಲ್ಲಿ ಪ್ರತಿ ಬೆರಳಿಗೂ ಒಂದು ಜಾಗ ನಿಗದಿಯಾಗಿತ್ತು. ಕಿರುಬೆರಳು ಸೋಮಾರಿಯಾದರೆ ಮರದ ಪಟ್ಟಿಯಿಂದ ಒಂದು ಏಟು ಬೀಳುತ್ತಿತ್ತು, ಬೆರಳಿನ ಮೇಲಲ್ಲ, ಮೇಜಿನ ಮೇಲೆ. ಆ ಸದ್ದಿಗೇ ಹುಡುಗರ ಬೆನ್ನು ನೆಟ್ಟಗಾಗುತ್ತಿತ್ತು. ಕಂಪ್ಯೂಟರು ಬಂದಾಗ ರುದ್ರಯ್ಯನವರು ಬೇರೆ ಮೇಷ್ಟರನ್ನು ಹುಡುಕಲಿಲ್ಲ, ಯಂತ್ರದ ಜೊತೆ ಬಂದಿದ್ದ ದಪ್ಪ ಪುಸ್ತಕವನ್ನು ಅಂಬುಜಮ್ಮನವರ ಕೈಗೆ ಕೊಟ್ಟರು. ಅವರು ಅದನ್ನು ಮನೆಗೆ ಒಯ್ದು, ಸೊಪ್ಪು ಸೋಸುತ್ತ, ಒಲೆಯ ಮುಂದೆ ಕೂತು ಓದಿ ಕಲಿತರು. ಬಿಡದಿಯಲ್ಲಿ, ಹಾರೋಹಳ್ಳಿಯಲ್ಲಿ ಒಂದರ ಹಿಂದೊಂದು ಕಾರ್ಖಾನೆ ಎದ್ದಾಗ, ಮೆಷಿನ್ನಿನ ಮುಂದೆ ನಿಲ್ಲುವುದಕ್ಕಿಂತ ಸ್ಟೋರ್ಸಿನಲ್ಲಿ ಕಂಪ್ಯೂಟರಿನ ಮುಂದೆ ಕೂರುವುದು ಮೇಲೆಂದು ಕನಕಪುರ, ಚನ್ನಪಟ್ಟಣಗಳಿಂದಲೂ ಮಕ್ಕಳು ಬರತೊಡಗಿದರು. ಟೈಪ್‌ರೈಟರುಗಳು ಗೋಡೆ ಬದಿಗೆ ಸರಿದು, ಕಂಪ್ಯೂಟರುಗಳು ಹನ್ನೆರಡಾದವು.

ಹನ್ನೆರಡನ್ನೂ ತಂತಿಯಿಂದ ಜೋಡಿಸಿದ್ದು ೨೦೦೪ರಲ್ಲಿ. ಹಾಗೆ ಜೋಡಿಸಿದಾಗ ಪ್ರತಿ ಯಂತ್ರಕ್ಕೂ ಒಳಗೆ ಒಂದು ಅಂಕಿಯ ವಿಳಾಸ ಕೊಡಬೇಕು; ಒಂದೇ ಬೀದಿಯ ಮನೆಗಳ ಹಾಗೆ ಮೊದಲ ಭಾಗವೆಲ್ಲ ಒಂದೇ, ಕೊನೆಯ ಸಂಖ್ಯೆ ಮಾತ್ರ ಬೇರೆ. ಎರಡು ಯಂತ್ರಗಳಿಗೆ ಒಂದೇ ವಿಳಾಸ ಬಿದ್ದರೆ ಅವುಗಳಲ್ಲೊಂದು ಮೂಕವಾಗುತ್ತದೆ. ಅಂಬುಜಮ್ಮನವರು ಬಾಗಿಲ ಕಡೆಯಿಂದ ಸಾಲಾಗಿ ಒಂದರಿಂದ ಹನ್ನೆರಡರವರೆಗೆ ವಿಳಾಸ ಕೊಟ್ಟು ಮುಗಿಸಿದರು. ಯಂತ್ರಗಳ ಮೇಲೆ ಸಂಖ್ಯೆಯ ಚೀಟಿ ಅಂಟಿಸುವ ಹೊತ್ತಿಗೆ ರುದ್ರಯ್ಯನವರು ಬಂದರು.

"ಎಂಟು ಬೇಡ ಅಂಬುಜಮ್ಮೋರೇ. ಎಂಟು ಶನಿದು. ನಮ್ಮ ಮನೇಲಿ ಎಂಟ್ನೇ ತಾರೀಕು ಒಂದು ಹಾಲೂ ಉಕ್ಕಿಸಲ್ಲ. ಏಳಾದ್ಮೇಲೆ ಒಂಬತ್ತು ಅಂಟಿಸಿ."

"ಒಳಗೆ ಕೊಟ್ಟಾಗಿದೆ ಸರ್."

"ಒಳಗಿಂದು ಯಾರಿಗ್ ಕಾಣ್ತದೆ? ಮೇಲೆ ಕಾಣಬಾರದು, ಅಷ್ಟೇಯ."

ಹೀಗಾಗಿ ಎಂಟನೆಯ ಜಾಗದ ಯಂತ್ರಕ್ಕೆ ಒಂಬತ್ತೆಂಬ ಚೀಟಿ ಬಂತು, ಕೊನೆಯದಕ್ಕೆ ಹದಿಮೂರು ಬಂತು. ಒಳಗಿನ ವಿಳಾಸ ಮಾತ್ರ ಮೊದಲಿನಂತೆಯೇ ಉಳಿಯಿತು. ಈ ವಿಷಯ ತಿಳಿದವರು ಇಬ್ಬರೇ. ರುದ್ರಯ್ಯನವರು ಚಹಾ ಕುಡಿದು ಮುಗಿಸುವಷ್ಟರಲ್ಲಿ ಮರೆತರು.

ಜಿಲ್ಲೆಯಾದ ಮರುವರ್ಷ ಭಾನುಪ್ರಿಯ ಬಂದಳು. ಮಾಗಡಿ ತಾಲ್ಲೂಕಿನ ಕಲ್ಯ ಎಂಬ ಹಳ್ಳಿಯವಳು. ತಂದೆ ಚೆಲುವಯ್ಯ ಬೇಸಾಯಗಾರ. ಬಿ.ಸಿ.ಎ. ಮುಗಿಸಿದ್ದಳು. ವೆಬ್ ಪ್ರೋಗ್ರಾಮಿಂಗ್ ಎಂಬ ಆರು ತಿಂಗಳ ಹೊಸ ತರಬೇತಿಗೆ ಬೆಂಗಳೂರಿನ ಸಂಸ್ಥೆಯೊಂದು ಮಾನ್ಯತೆ ಕೊಡುವುದಾಗಿ ಹೇಳಿತ್ತು. ಅವರ ಪರೀಕ್ಷಕರು ಬಂದು ನೋಡಿ, ಲ್ಯಾಬು ಸರಿ ಇದೆ ಎನ್ನಬೇಕಿತ್ತು. ಮಾನ್ಯತೆ ಸಿಕ್ಕರೆ ಆ ತರಬೇತಿಯ ಮುಖ್ಯ ಶಿಕ್ಷಕರೇ ಲ್ಯಾಬಿನ ಮುಖ್ಯಸ್ಥರೂ ಆಗುತ್ತಾರೆ ಎಂದು ರುದ್ರಯ್ಯನವರು ಮೊದಲೇ ಹೇಳಿಬಿಟ್ಟಿದ್ದರು. ಅಲ್ಲಿಯವರೆಗೆ ಆ ಕುರ್ಚಿ ಯಾರದೆಂದು ಯಾರೂ ಕೇಳಿರಲಿಲ್ಲ. ಕೇಳುವ ಅಗತ್ಯವೇ ಬಿದ್ದಿರಲಿಲ್ಲ.

ಅಂಬುಜಮ್ಮನವರಿಗೆ ಹುಡುಗಿಯ ಮೇಲೆ ಮೊದಲ ಕಿಡಿ ಹತ್ತಿದ್ದು ಅವಳ ಬೆರಳುಗಳನ್ನು ನೋಡಿ. ಭಾನುಪ್ರಿಯ ನಾಲ್ಕೇ ಬೆರಳಿನಲ್ಲಿ ಟೈಪು ಮಾಡುತ್ತಿದ್ದಳು. ಕಿರುಬೆರಳುಗಳೆರಡೂ ನೆಂಟರ ಹಾಗೆ ಕೆಲಸ ಮುಟ್ಟದೆ ಎತ್ತರದಲ್ಲಿ ನಿಂತಿರುತ್ತಿದ್ದವು. ಒಂದೂ ಬೆರಳು ತನ್ನ ಜಾಗದಲ್ಲಿರಲಿಲ್ಲ. ಹಾಗಿದ್ದೂ ಅವಳ ವೇಗ ಅಂಬುಜಮ್ಮನವರ ವೇಗಕ್ಕಿಂತ ಹೆಚ್ಚು. ಇದು ಅನ್ಯಾಯವಾಗಿತ್ತು. ಒಬ್ಬರು ಆಯುಸ್ಸಿನ ಒಳ್ಳೆಯ ಭಾಗವನ್ನು ಕೊಟ್ಟು ಸಂಪಾದಿಸಿದ ಶಿಸ್ತನ್ನು ಇನ್ನೊಬ್ಬರು ಕಾಲಲ್ಲಿ ಸರಿಸಿ ಮುಂದೆ ಹೋದರೆ ಅದಕ್ಕೆ ಬೇರೆ ಹೆಸರಿಲ್ಲ.

ಆಮೇಲೆ ಕಿಡಿಗೆ ಸೌದೆ ತಾನಾಗಿಯೇ ಸಿಕ್ಕುತ್ತ ಹೋಯಿತು. ಹೋಟೆಲಿನಿಂದ ಬರುವ ಚಹಾ ಮೊದಲು ಅವಳ ಮೇಜಿಗೆ ಹೋಗುತ್ತಿತ್ತು. ಫ್ಯಾನಿನ ಕೆಳಗಿನ ಕುರ್ಚಿ ಅವಳದಾಯಿತು. ಮಕ್ಕಳು ಅವಳ ಸುತ್ತ ಗುಂಪುಗೂಡಿ ನಗುತ್ತಿದ್ದರು. ಅವಳು "ಒಸಿ ಆಕಡೀಕ್ ಸರೀರ್ಲಾ, ಗಾಳಿನೇ ಬತ್ತಾ ಇಲ್ಲ" ಎಂದು ಹಳ್ಳಿಯ ಮಾತಿನಲ್ಲೇ ಗದರಿದರೆ ಅದಕ್ಕೂ ನಗು. ಅಂಬುಜಮ್ಮನವರು ಪಾಠದಲ್ಲಿ ಹಳ್ಳಿಯ ಮಾತು ಬಾರದಂತೆ ನಾಲಗೆಯನ್ನು ತಿದ್ದಿಕೊಂಡವರು. ತಾವು ಕಷ್ಟಪಟ್ಟು ಕಳೆದುಕೊಂಡದ್ದೇ ಇವಳಿಗೆ ಬಂಡವಾಳವಾಗಿದೆ ಎಂದು ಅವರಿಗೆ ಅನ್ನಿಸಿತು.

"ನಮಗೆ ಇಲ್ಲಿ ಇಂಟರ್ನೆಟ್ ನೆಚ್ಕೊಂಡ್ರೆ ಆಗಲ್ಲ ಸರ್," ಎಂದು ಒಂದು ಬೆಳಿಗ್ಗೆ ಭಾನುಪ್ರಿಯ ರುದ್ರಯ್ಯನವರಿಗೆ ವಿವರಿಸಿದಳು. "ಹೊಸದಾಗಿ ತಂದಿರೋ ಮಿಷಿನ್ನನ್ನ ಸರ್ವರ್ ಮಾಡ್ತೀನಿ. ಮಕ್ಕಳು ಬರೆಯೋ ಪ್ರೋಗ್ರಾಮೆಲ್ಲ ಅದರಲ್ಲೇ ಇರುತ್ತೆ. ಯಾವ ಮಿಷಿನ್ನಿಂದ ಅದರ ವಿಳಾಸ ಹೊಡೆದು ಕೇಳಿದ್ರೂ ಪುಟ ಕಳಿಸುತ್ತೆ. ಹೊರಗಿನ ಲೈನೇ ಬೇಡ."

ರುದ್ರಯ್ಯನವರು ಕಣ್ಣರಳಿಸಿದರು. "ಅಂದ್ರೆ ಮದುವೆ ಛತ್ರದ ಅಡುಗೆಮನೆ ಇದ್ದಂಗೆ ಅನ್ನು. ಒಲೆ ಒಂದು, ಪಂಕ್ತಿ ಹನ್ನೆರಡು."

"ಹೂಂ ಸರ್, ಹಂಗೇ."

"ಕೇಳಿದ್ರಾ ಅಂಬುಜಮ್ಮೋರೇ! ಎಷ್ಟು ಚೆನ್ನಾಗಿ ತಿಳಿಸ್ತು ಮಗು."

ಛತ್ರದ ಹೋಲಿಕೆಯನ್ನು ಕೊಟ್ಟವರು ರುದ್ರಯ್ಯನವರು, ಮಗುವಲ್ಲ. ಅಂಬುಜಮ್ಮನವರು ಇದನ್ನು ಗಮನಿಸಿದರು.

ಸರ್ವರಿಗೆ ಬೇಕಾದ ತಂತ್ರಾಂಶಗಳ ಸಿ.ಡಿ.ಯನ್ನು ಭಾನುಪ್ರಿಯ ಎಲ್ಲಿಂದಲೋ ತಂದಳು. ಪುಟ ಕಳಿಸುವ ತಂತ್ರಾಂಶ ಒಂದು, ಮಾಹಿತಿ ಕೂಡಿಡುವುದು ಇನ್ನೊಂದು. ಮೊದಲ ದಿನ ಅದು ಏಳಲಿಲ್ಲ. ಎರಡನೆಯ ದಿನ ಎದ್ದು ಬಿತ್ತು. ಅಂಬುಜಮ್ಮನವರು ಲೆಕ್ಕಪತ್ರದ ಟ್ಯಾಲಿ ಪಾಠ ಹೇಳುತ್ತಲೇ ಆ ಮೂಲೆಗೆ ಒಂದು ಕಿವಿ ಇಟ್ಟಿದ್ದರು. ಅದು ಬಿದ್ದಾಗಲೆಲ್ಲ ಪಾಠ ಸಲೀಸಾಗಿ ಓಡುತ್ತಿತ್ತು. ಕೊನೆಗೆ ಅದು ಎದ್ದು ನಿಂತಿತು. ವಿಳಾಸ ಕೊಡುವ ಹೊತ್ತು ಬಂದಾಗ ಭಾನುಪ್ರಿಯ ಬಾಗಿಲ ಬಳಿಯ ನಾಲ್ಕೈದು ಯಂತ್ರಗಳ ಒಳಗೆ ನೋಡಿದಳು. ಚೀಟಿಯ ಸಂಖ್ಯೆ, ಒಳಗಿನ ಸಂಖ್ಯೆ ಒಂದೇ ಇತ್ತು. ಸಾಲಿನಲ್ಲಿ ಕಣ್ಣಾಡಿಸಿದಳು, ಎಂಟರ ಚೀಟಿ ಎಲ್ಲೂ ಇರಲಿಲ್ಲ.

"ಎಂಟು ಖಾಲಿ ಐತೆ. ಸರ್ವರಿಗೆ ಅದನ್ನೇ ಕೊಡ್ತೀನಿ," ಎಂದು ತನಗೆ ತಾನೇ ಹೇಳಿಕೊಂಡಳು.

ಎರಡು ಮೇಜು ಆಚೆಗಿದ್ದ ಅಂಬುಜಮ್ಮನವರಿಗೆ ಅದು ಕೇಳಿಸಿತು. ಬಾಯಿ ತೆರೆದವರು ಮುಚ್ಚಿದರು. ಚೀಟಿ ಒಂಬತ್ತರ ಯಂತ್ರ, ಅಂದರೆ ಒಳಗೆ ಎಂಟಾಗಿದ್ದ ಯಂತ್ರ, ಪವರ್ ಸಪ್ಲೈ ಸುಟ್ಟು ರಿಪೇರಿಗೆ ಹೋಗಿತ್ತು. ಅದು ಬಂದಾಗ ಹೇಳಿದರಾಯಿತು ಎಂದುಕೊಂಡರು. ಕೇಳಿದರೆ ಈಗಲೇ ಹೇಳೋಣ ಎಂದೂ ಅಂದುಕೊಂಡರು. ಭಾನುಪ್ರಿಯ ಕೇಳಲಿಲ್ಲ. ಈ ತಂತಿ ಎಳೆಸಿದವರು ಯಾರು, ವಿಳಾಸ ಕೊಟ್ಟವರು ಯಾರು ಎಂದು ಬಂದ ದಿನದಿಂದ ಅವಳು ಒಮ್ಮೆಯೂ ಕೇಳಿರಲಿಲ್ಲ. ಆ ಲ್ಯಾಬು ತಾನು ಬರುವ ಮೊದಲು ಗೋಡೆಯ ಜೊತೆಯಲ್ಲೇ ಹುಟ್ಟಿತ್ತೆಂಬ ಹಾಗೆ ಓಡಾಡುತ್ತಿದ್ದಳು.

ಮನೆಯಲ್ಲಿ ಸ್ವಾಮಿ ಮುದ್ದೆ ಮುರಿಯುತ್ತ ಹೆಂಡತಿಯ ಮುಖ ನೋಡಿದರು.

"ಏನ್ ಮೇಡಮ್ಮೋರೇ, ಮುಖ ಹಿಂಗಿದೆ? ಗೂಡು ಕಂದೋದಂಗೆ?"

"ಅವಳು ಸರ್ವರ್ ಎಬ್ಬಿಸಿಬಿಟ್ಲು."

"ಒಳ್ಳೇದಾಯ್ತಲ್ಲ. ನಿಂಗ್ಯಾಕೆ ಹೊಟ್ಟೆಕಿಚ್ಚು?"

"ಹೊಟ್ಟೆಕಿಚ್ಚು ಯಾರಿಗೆ? ನನಗಾ? ಆ ಹುಡುಗಿಗೆ ಎಫ್ ಅಕ್ಷರದ ಮೇಲೆ ಯಾವ ಬೆರಳು ಇಡಬೇಕು ಅಂತ ಗೊತ್ತಿಲ್ಲ!"

"ಅದು ಗೊತ್ತಿಲ್ಲದೇ ನಂದೂ ಜೀವನ ನಡೆದದೆ ಕಣೇ. ಒಸಿ ಸಾರು ಬುಡು."

ಅಂಬುಜಮ್ಮನವರು ಸೌಟನ್ನು ಪಾತ್ರೆಗೆ ಬಡಿದ ಸದ್ದು ಪಕ್ಕದ ಮನೆಗೂ ಕೇಳಿಸಿತು.

ಪರೀಕ್ಷಕರು ಬರುವ ದಿನ ಬೆಳಿಗ್ಗೆ ರಿಪೇರಿಗೆ ಹೋಗಿದ್ದ ಯಂತ್ರ ಹಿಂದಿರುಗಿತು. ಅದನ್ನು ಇಳಿಸಿಕೊಂಡವರು ಅಂಬುಜಮ್ಮನವರೇ. ಪವರ್ ಸಪ್ಲೈ ಮಾತ್ರ ಬದಲಾಯಿಸಿದ್ದೇವೆ, ಒಳಗೆ ಬೇರೇನೂ ಮುಟ್ಟಿಲ್ಲ ಎಂದು ತಂದವನು ಹೇಳಿದ. ಅಂದರೆ ವಿಳಾಸ ಎಂಟಾಗಿಯೇ ಇತ್ತು. ಅವರು ಅದನ್ನು ಅದರ ಜಾಗದಲ್ಲಿಟ್ಟು, ತಂತಿ ಚುಚ್ಚಿ, ಮೇಲಿನ ಧೂಳು ಒರೆಸಿದರು. ಹೇಳುವುದಕ್ಕೆ ಸಾಕಷ್ಟು ಹೊತ್ತಿತ್ತು. ಭಾನುಪ್ರಿಯ ಹೊಸ ಚೂಡಿದಾರ ಹಾಕಿಕೊಂಡು ಬಂದು ನಿಂತಿದ್ದಳು. ರುದ್ರಯ್ಯನವರು ಅವಳ ಹಣೆಗೆ ದೇವರ ಪಟದ ಮುಂದಿನ ಕುಂಕುಮ ಇಟ್ಟು, "ಮರ್ಯಾದೆ ನಿನ್ ಕೈಲಿದೆ ಕಣಮ್ಮ" ಎಂದರು. ಅಂಬುಜಮ್ಮನವರತ್ತ ತಿರುಗಿ, "ಬಂದೋರಿಗೆ ತಿಂಡಿ ವ್ಯವಸ್ಥೆ ನೀವ್ ನೋಡ್ಕೊಂಬುಡಿ" ಎಂದರು.

ಆ ಕ್ಷಣದವರೆಗೆ ಹೇಳಬೇಕೆಂಬ ಮನಸ್ಸು ಅವರಲ್ಲಿ ಚೂರಾದರೂ ಉಳಿದಿತ್ತು. ತಿಂಡಿ ಎಂಬ ಮಾತಿನೊಂದಿಗೆ ಅದು ಹೋಯಿತು.

ಪರೀಕ್ಷಕ ಉದಯಶಂಕರ್ ಸಣ್ಣ ವಯಸ್ಸಿನವರು, ಮಾತು ಕಡಿಮೆ. ಬಂದವರು ಉಪ್ಪಿಟ್ಟನ್ನು ಮುಟ್ಟದೆ ನೇರವಾಗಿ ಲ್ಯಾಬಿಗೆ ನಡೆದರು. ಅದೇ ಹೊತ್ತಿಗೆ ಕರೆಂಟು ಹೋಯಿತು. ಯು.ಪಿ.ಎಸ್. ಸ್ವಲ್ಪ ಹೊತ್ತು ಕೂಗಿ ಸುಮ್ಮನಾಯಿತು. ಸರ್ವರ್ ಯಂತ್ರವೂ ಸೇರಿ ಎಲ್ಲವೂ ಆರಿಹೋದವು. ಕರೆಂಟು ಮರಳಿದಾಗ ರುದ್ರಯ್ಯನವರು ಗಾಬರಿಯಲ್ಲಿ, "ಎಲ್ಲಾ ಒಟ್ಗೇ ಹಾಕ್ರಪ್ಪಾ, ಸಾರ್ ಕಾಯ್ತಾವ್ರೆ!" ಎಂದು ಕೂಗಿದರು. ಹನ್ನೆರಡು ಯಂತ್ರಗಳಿಗೆ ಹನ್ನೊಂದು ವಿದ್ಯಾರ್ಥಿಗಳಿದ್ದರು. ಖಾಲಿ ಉಳಿದದ್ದು ಒಂಬತ್ತರ ಕುರ್ಚಿ. ಅಂಬುಜಮ್ಮನವರು ತಾವೇ ಹೋಗಿ ಅದರಲ್ಲಿ ಕುಳಿತರು, ಗುಂಡಿ ಒತ್ತಿದರು.

ಸರ್ವರಿಗೆ ಹೊರಲು ಸಾಮಾನು ಜಾಸ್ತಿ, ಏಳುವುದು ನಿಧಾನ. ಒಂಬತ್ತು ಮೊದಲು ಎದ್ದಿತು, ಎಂಟರ ವಿಳಾಸ ಹಿಡಿದು ಕುಳಿತಿತು. ತಡವಾಗಿ ಬಂದ ಸರ್ವರಿಗೆ ಜಾಗವಿರಲಿಲ್ಲ. ಅಂಬುಜಮ್ಮನವರ ಪರದೆಯ ಬಲಮೂಲೆಯಲ್ಲಿ ಹಳದಿಯ ಸಣ್ಣ ಸೂಚನೆಯೊಂದು ಎದ್ದಿತು: ಇದೇ ವಿಳಾಸ ಇನ್ನೊಂದು ಯಂತ್ರಕ್ಕೂ ಇದೆ. ಅವರು ಮೌಸನ್ನು ಅಲ್ಲಿಗೆ ಒಯ್ದು ಅದನ್ನು ಮುಚ್ಚಿದರು. ಇದನ್ನು ಅವರ ಪರವಾಗಿ ಮರೆವೆಂದು ಹೇಳುವವರು ಸುಳ್ಳು ಹೇಳುತ್ತಾರೆ.

"ಪುಟ ಬರ್ತಿಲ್ಲ ಮಿಸ್," ಎಂದ ಮೊದಲನೆಯವನು. ಆಮೇಲೆ ಸಾಲಿಡೀ ಅದನ್ನೇ ಹೇಳಿತು.

ಭಾನುಪ್ರಿಯ ಸರ್ವರಿನ ಮೂಲೆಗೆ ಓಡಿದಳು. ಮಾನಿಟರು ಸಾಲದೆಂದು ಸರ್ವರಿನದನ್ನು ಕಿತ್ತು ವಿದ್ಯಾರ್ಥಿಯ ಮೇಜಿಗೆ ಇಟ್ಟಿದ್ದರು. ಆದ್ದರಿಂದ ಸರ್ವರು ಏನು ಹೇಳುತ್ತಿದೆಯೆಂದು ಕಾಣುವಂತಿರಲಿಲ್ಲ. ಒಂದು ಗಳಿಗೆ ಅವಳು ಕೈಕಟ್ಟಿ ನಿಂತಳು. ಆ ಗಳಿಗೆಯಲ್ಲಿ ಅಂಬುಜಮ್ಮನವರ ಎದೆಯಲ್ಲಿ ಎದ್ದದ್ದು ಸಂತೋಷವೇ. ಬೇರೆ ಹೆಸರು ಕೊಟ್ಟರೆ ಸಲ್ಲದು.

ಆದರೆ ಹುಡುಗಿ ಅಳಲಿಲ್ಲ. ಸರ್ವರಿನ ತಂತಿಯನ್ನು ಕಿತ್ತಳು. ಬಾಗಿಲ ಬಳಿಯ ಮೊದಲ ಯಂತ್ರದಿಂದ ಎಂಟರ ವಿಳಾಸವನ್ನು ಕರೆದಳು. ಆ ವಿಳಾಸದಲ್ಲಿ ಯಾರಾದರೂ ಇದ್ದಾರೆಯೇ ಎಂದು ಕೇಳುವ ಸರಳ ಆಜ್ಞೆ ಅದು. ಸರ್ವರನ್ನು ಕಿತ್ತ ಮೇಲೆ ಉತ್ತರ ನಿಲ್ಲಬೇಕಿತ್ತು. ನಿಲ್ಲಲಿಲ್ಲ, ಪರದೆಯ ಮೇಲೆ ಸಾಲಿನ ಕೆಳಗೆ ಸಾಲು ಬರುತ್ತಲೇ ಇತ್ತು.

"ಈ ರೂಮಲ್ಲೇ ಇನ್ಯಾವುದೋ ಮಿಷಿನ್ ಎಂಟು ಅಂತ ಕೂತೈತೆ ಸರ್," ಎಂದಳು. "ಒಂದೊಂದೇ ತಂತಿ ಕೀಳ್ತಾ ಹೋಗ್ತೀನಿ. ನೀವು ಇಲ್ಲಿ ಸಾಲು ಬರೋದು ನಿಂತ ತಕ್ಷಣ ಕೂಗಿ."

ರುದ್ರಯ್ಯನವರು ಕನ್ನಡಕ ಏರಿಸಿ ಪರದೆಗೆ ಮೂಗು ತಾಗುವಂತೆ ಬಾಗಿದರು. ಭಾನುಪ್ರಿಯ ಎರಡರ ತಂತಿ ಕಿತ್ತಳು.

"ಬತ್ತೈತೆ!"

ಮೂರು. "ಬತ್ತೈತೆ ಕಣಮ್ಮ!" ನಾಲ್ಕು. "ಬತ್ತಾನೇ ಐತೆ, ಏನಿದು ಶನಿ!"

ಉದಯಶಂಕರ್ ಮೊದಲ ಬಾರಿಗೆ ನಕ್ಕರು. ಐದು, ಆರು. ಭಾನುಪ್ರಿಯ ಹತ್ತಿರವಾಗುತ್ತಿದ್ದಳು. ಅಂಬುಜಮ್ಮನವರು ಇನ್ನೂ ಹೇಳಬಹುದಿತ್ತು. ಇಲ್ಲಿದೆ, ನಾನೇ ಕೊಟ್ಟದ್ದು, ಎಂಬ ಎರಡು ಮಾತು ಸಾಕಿತ್ತು. ಹೇಳಿದ್ದರೆ ಮೆಚ್ಚುಗೆಯೂ ಸಿಗುತ್ತಿತ್ತೇನೋ. ಬೆರಳುಗಳು ಮಾತ್ರ ಕೀಲಿಮಣೆಯ ಮೇಲೆ, ತಮ್ಮ ತಮ್ಮ ಜಾಗದಲ್ಲಿ, ತಪ್ಪದೆ ಕುಳಿತಿದ್ದವು. ಏಳು. ಹುಡುಗಿ ಬಂದು ಅವರ ಪಕ್ಕದಲ್ಲಿ ಬಾಗಿದಳು. ಅವಳ ಜಡೆ ಅವರ ಮೊಣಕೈಗೆ ತಾಗಿತು. ತಂತಿ ಟಕ್ಕೆಂದು ಹೊರಬಂತು.

"ನಿಂತೋಯ್ತು! ನಿಂತೋಯ್ತು ಕಣಮ್ಮ!"

ಉದಯಶಂಕರ್ ಬಂದು ಚೀಟಿಯನ್ನು ನೋಡಿದರು. "ಮೇಲೆ ಒಂಬತ್ತು, ಒಳಗೆ ಎಂಟು. ಇದು ಯಾರ ತಪ್ಪು?"

ಭಾನುಪ್ರಿಯ ಒಮ್ಮೆ ಅಂಬುಜಮ್ಮನವರ ಮುಖ ನೋಡಿದಳು. ಅದರಲ್ಲಿ ಆಶ್ಚರ್ಯವಿರಬೇಕಿತ್ತು, ಇರಲಿಲ್ಲ. ಹುಡುಗಿಗೆ ಅಷ್ಟರಲ್ಲೇ ತಿಳಿಯಿತು.

"ನಂದೇ ಸರ್. ವಿಳಾಸ ಕೊಡೋಕೆ ಮುಂಚೆ ಎಲ್ಲಾ ಮಿಷಿನ್ನೂ ನೋಡ್ಬೇಕಿತ್ತು. ಚೀಟಿ ನಂಬ್ಬುಟ್ಟೆ."

"ನಾನು ಮೊದಲಿಂದ ಬಡ್ಕೋತಿದ್ದೆ, ಎಂಟು ಬೇಡಾ ಅಂತ!" ಎಂದರು ರುದ್ರಯ್ಯನವರು, ಎಲ್ಲರಿಗಿಂತ ಹೆಚ್ಚು ತೃಪ್ತಿಯಿಂದ.

ಸರ್ವರಿಗೆ ಇಪ್ಪತ್ತರ ವಿಳಾಸ ಸಿಕ್ಕಿತು, ಕಿತ್ತ ತಂತಿಗಳು ಮತ್ತೆ ಜಾಗ ಸೇರಿದವು. ಹನ್ನೆರಡು ಪರದೆಗಳಲ್ಲೂ ಪುಟ ತೆರೆಯಿತು. ತಪ್ಪನ್ನು ಹುಡುಕಿದ ಕ್ರಮ ತಮಗೆ ಹಿಡಿಸಿತೆಂದೂ ಮಾನ್ಯತೆಗೆ ಶಿಫಾರಸು ಮಾಡುವುದಾಗಿಯೂ ಹೇಳಿ ಉದಯಶಂಕರ್ ಆರಿದ ಉಪ್ಪಿಟ್ಟನ್ನೇ ತಿಂದು ಹೋದರು. ಅಂಬುಜಮ್ಮನವರು ಮುಚ್ಚಿಟ್ಟ ಆ ತಪ್ಪೇ ಹುಡುಗಿಯ ಜಾಣತನಕ್ಕೆ ವೇದಿಕೆಯಾಯಿತು.

ಎಲ್ಲರೂ ಇಳಿದುಹೋದ ಮೇಲೆ ಭಾನುಪ್ರಿಯ ಚೆಲ್ಲಾಡಿದ್ದ ತಂತಿಗಳನ್ನು ಒಪ್ಪ ಮಾಡುತ್ತ ಬಂದಳು.

"ಮೇಡಂ, ಮರೆತುಹೋಗಿತ್ತು ಅಂತ ಮಾತ್ರ ಹೇಳ್ಬೇಡಿ."

"ಮರೆತಿರಲಿಲ್ಲ," ಎಂದರು ಅಂಬುಜಮ್ಮನವರು.

"ಮತ್ಯಾಕೆ?"

"ನೀನು ಬಂದಾಗಿನಿಂದ ನನ್ನನ್ನು ಒಂದು ಮಾತು ಕೇಳಿದ್ದೀಯಾ? ಈ ತಂತಿ ಯಾರು ಎಳೆಸಿದ್ರು, ಈ ಮಕ್ಕಳನ್ನ ಯಾರು ತಯಾರು ಮಾಡಿದ್ರು, ಒಂದಾದ್ರೂ?"

ಹುಡುಗಿ ಕೈಯಲ್ಲಿದ್ದ ತಂತಿಯನ್ನು ನೋಡಿದಳು. "ಕೇಳಿಲ್ಲ. ಕೇಳ್ಬೇಕಿತ್ತು." ಅದನ್ನು ಮೇಜಿನ ಮೇಲಿಟ್ಟು, "ಆದ್ರೂ ನೀವು ಮಾಡಿದ್ದು ಸರಿ ಅಲ್ಲ ಮೇಡಂ. ಬಂದೋರ ಮುಂದೆ ನನ್ನ ಮಾನ ಹೋಗ್ತಿತ್ತು" ಎಂದಳು.

"ಸರಿ ಅಲ್ಲ ಅಂತ ನನಗೂ ಗೊತ್ತು. ನೀನು ಹೇಳಿಕೊಡಬೇಡ."

ಮಾತು ಅಲ್ಲಿಗೇ ಮುಗಿಯಿತು. ಅವರು ಕ್ಷಮೆ ಕೇಳಲಿಲ್ಲ, ಅವಳು ಕ್ಷಮಿಸಿದೆನೆನ್ನಲಿಲ್ಲ. ರುದ್ರಯ್ಯನವರ ಕಿವಿಗೂ ವಿಷಯ ಬೀಳಲಿಲ್ಲ. ಹುಡುಗಿ ಚಾಡಿ ಹೇಳಿದ್ದರೆ ಅಂಬುಜಮ್ಮನವರಿಗೆ ಹಗುರವಾಗುತ್ತಿತ್ತು; ದ್ವೇಷಿಸಲು ಒಂದು ಹಿಡಿ ಸಿಗುತ್ತಿತ್ತು. ಅವಳ ಒಳ್ಳೆಯತನವೂ ಈಗ ಹೊಟ್ಟೆಕಿಚ್ಚಿನ ಲೆಕ್ಕಕ್ಕೇ ಸೇರಿತು.

ಮಾನ್ಯತೆ ಬಂತು, ಕುರ್ಚಿ ಭಾನುಪ್ರಿಯಳದಾಯಿತು. ಬೆರಳಚ್ಚು ಮತ್ತು ಟ್ಯಾಲಿ ಅಂಬುಜಮ್ಮನವರಿಗೆ ಉಳಿದವು. ಅವರು ಬಿಟ್ಟುಹೋಗುತ್ತಾರೆಂದು ಸ್ವಾಮಿಯವರೂ ಎಣಿಸಿದ್ದರು. ಬದಲಿಗೆ ಅಂಬುಜಮ್ಮನವರು, ತಮ್ಮನ್ನು ಹೊಸ ತರಬೇತಿಯ ಮೊದಲ ತಂಡಕ್ಕೆ ವಿದ್ಯಾರ್ಥಿಯಾಗಿ ಸೇರಿಸಿಕೊಳ್ಳಿ ಎಂದು ರುದ್ರಯ್ಯನವರ ಮುಂದೆ ಹೋಗಿ ನಿಂತರು.

"ನೀವಾ? ಆ ಮಗು ಹತ್ರ ಪಾಠ ಹೇಳಿಸ್ಕೊತೀರಾ?"

"ಆ ಮಗುವಿಗೆ ಗೊತ್ತಿರೋದೆಲ್ಲ ನನಗೂ ಗೊತ್ತಾಗಬೇಕು ಸರ್."

ಇದರಲ್ಲಿ ವಿದ್ಯೆಯ ಮೇಲಿನ ಪ್ರೀತಿಯನ್ನು ಹುಡುಕುವುದು ವ್ಯರ್ಥ. ಅವರು ಕಲಿಯಲು ಹೋದದ್ದು ಹೊಟ್ಟೆಕಿಚ್ಚಿನಿಂದ, ಮುಂದಿನ ಸಾಲಿನಲ್ಲಿ ಕುಳಿತದ್ದೂ ಅದರಿಂದಲೇ. ಮಕ್ಕಳು ಮುಸಿಮುಸಿ ನಕ್ಕರು. ಅವರು ತಿರುಗಿ ನೋಡಿದ್ದೇ ತಡ, ಬೆನ್ನುಗಳು ನೆಟ್ಟಗಾದವು.

ಎರಡನೆಯ ತಿಂಗಳಲ್ಲಿ, ಹುಡುಗಿಯನ್ನು ಸಿಕ್ಕಿಸಲು ಅವರು ಕಾಯುತ್ತಿದ್ದ ಅವಕಾಶ ಸಿಕ್ಕಿತು. ಪುಟದಲ್ಲಿ ಹೆಸರು ತುಂಬಿದರೆ ಸರ್ವರು ಅದನ್ನು ಕೂಡಿಟ್ಟುಕೊಂಡು ಮತ್ತೆ ತೋರಿಸುವ ಪಾಠ. ಇಂಗ್ಲಿಷಿನಲ್ಲಿ ಬರೆದ ಹೆಸರು ಸರಿಯಾಗಿ ಬಂತು. ಕನ್ನಡದಲ್ಲಿ ಬರೆದದ್ದು ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿ ಬಂತು. ಅಂಬುಜಮ್ಮನವರು ಎದ್ದು ನಿಂತು, ಎಲ್ಲರಿಗೂ ಕೇಳುವಂತೆ, "ಇದು ಹೀಗೇಕೆ ಆಗುತ್ತದೆ? ಸರಿಪಡಿಸುವುದು ಹೇಗೆ?" ಎಂದು ಕೇಳಿದರು.

ಭಾನುಪ್ರಿಯ ಪರದೆಯನ್ನು ನೋಡಿದಳು, ಗಲ್ಲ ಕೆರೆದುಕೊಂಡಳು.

"ಗೊತ್ತಿಲ್ಲ ಮೇಡಂ. ನಾಳೆ ನೋಡ್ಕೊಂಡು ಬತ್ತೀನಿ." ಅಷ್ಟು ಹೇಳಿ ಮುಂದಿನ ಪಾಠಕ್ಕೆ ಹೋದಳು.

ಯಾರೂ ನಗಲಿಲ್ಲ. ಆಕಾಶ ಕಳಚಿ ಬೀಳಲಿಲ್ಲ. ಅಂಬುಜಮ್ಮನವರು ಗೆದ್ದವರ ಹಾಗೆ ಕುಳಿತರು, ಕುಳಿತ ಮೇಲೆ ಗೆಲುವು ಎಲ್ಲಿಯೂ ಸಿಗಲಿಲ್ಲ. ಮಕ್ಕಳ ಎದುರು ಗೊತ್ತಿಲ್ಲ ಎಂಬ ಮಾತನ್ನು ಅವರು ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಆಡಿರಲಿಲ್ಲ. ಗೊತ್ತಿಲ್ಲದ್ದು ಬಂದಾಗ ಪಟ್ಟಿಯಿಂದ ಮೇಜಿಗೆ ಬಡಿದು ಬೇರೆ ಪಾಠ ತೆಗೆದಿದ್ದರು. ಈ ಹುಡುಗಿಗೆ ಆ ಮಾತು ನೀರು ಕುಡಿದಷ್ಟು ಸುಲಭ. ಅವಳ ವೇಗವಲ್ಲ, ಕುರ್ಚಿಯಲ್ಲ, ಫ್ಯಾನಿನ ಗಾಳಿಯಲ್ಲ, ಅವರಿಗೆ ಬೇಕಾಗಿದ್ದದ್ದು ಇದು. ಇದನ್ನು ಕೊಡುವ ಪುಸ್ತಕ ಯಾವ ಯಂತ್ರದ ಜೊತೆಯಲ್ಲೂ ಬರುವುದಿಲ್ಲ.

ಮರುವರ್ಷ ತಂಡಗಳು ಎರಡಾದವು. ಸಂಜೆಯ ತಂಡಕ್ಕೆ ಅಂಬುಜಮ್ಮನವರನ್ನೇ ಹಾಕಿ ಎಂದು ಭಾನುಪ್ರಿಯ ಹೇಳಿದಳು. ರುದ್ರಯ್ಯನವರು ಒಪ್ಪಿದರು. ಮೊದಲ ವಾರದಲ್ಲೇ ಕನಕಪುರದ ಕಡೆಯ ಒಬ್ಬ ಹುಡುಗಿ ಏನನ್ನೋ ಕೇಳಿದಳು, ಅಂಬುಜಮ್ಮನವರಿಗೆ ಉತ್ತರ ತಿಳಿದಿರಲಿಲ್ಲ. ಬಾಗಿಲಾಚೆ ಭಾನುಪ್ರಿಯ ಬಸ್ಸಿಗೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದಳು. ಅಂಬುಜಮ್ಮನವರ ಕೈ ಪಟ್ಟಿಯ ಕಡೆಗೆ ಹೋಗಿ ಅರ್ಧದಲ್ಲಿ ನಿಂತಿತು.

"ಗೊತ್ತಿಲ್ಲ," ಎಂದರು, ಬೇಕಾದ್ದಕ್ಕಿಂತ ಜೋರಾಗಿ. "ನಾಳೆ ಹೇಳುತ್ತೇನೆ. ಅದಕ್ಕೇಕೆ ಬಾಯಿ ಬಿಟ್ಟುಕೊಂಡು ನೋಡುತ್ತೀರಿ? ಬರೆದುಕೊಳ್ಳಿ!"

ಹೊರಗೆ ಚಪ್ಪಲಿಯ ಸದ್ದು ಒಂದು ಗಳಿಗೆ ನಿಂತು, ಆಮೇಲೆ ಮೆಟ್ಟಿಲಿಳಿಯಿತು. ಅವಳು ಕೇಳಿಸಿಕೊಂಡು ನಕ್ಕಿರಬಹುದೆಂದು ಅಂಬುಜಮ್ಮನವರ ಕಿವಿ ಬಿಸಿಯಾಯಿತು. ತಮ್ಮ ಬಾಯಲ್ಲಿ ಆ ಮಾತು ಅವಳ ಬಾಯಲ್ಲಿ ಬಂದಷ್ಟು ಚೆನ್ನಾಗಿ ಬರಲಿಲ್ಲ ಎಂಬುದು ಅವರಿಗೆ ಸ್ಪಷ್ಟವಾಗಿ ತಿಳಿದಿತ್ತು.